ಸೆಸ್ ಕಟ್ಟಿದರೆ ವಿಮೆ ಮಾಡಿಸಿದಂತಲ್ಲ: ಕರ್ನಾಟಕದ ಕಟ್ಟಡ ಗುತ್ತಿಗೆದಾರರ ಹೊಣೆಯ ಲೆಕ್ಕ

ಕಾಂಕ್ರೀಟ್ ತುಂಬಿಕೊಂಡ ಮಿಕ್ಸರ್ ಲಾರಿಯೊಂದು ಬೆಂಗಳೂರಿನ ಯಾವುದೋ ಬಡಾವಣೆಯ ಅಡ್ಡರಸ್ತೆಗೆ ತಿರುಗಿ, ಕಟ್ಟುತ್ತಿರುವ ನಾಲ್ಕು ಮಹಡಿಯ ಮನೆಯ ಮುಂದೆ ನಿಂತಿದೆ ಎಂದುಕೊಳ್ಳಿ. ಆ ಲಾರಿಗೆ ವಿಮೆ ಇರಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಅದನ್ನು ಕಡ್ಡಾಯ ಮಾಡಿದೆ. ವಿಮೆ ಇಲ್ಲದೆ ರಸ್ತೆಗಿಳಿದರೆ ದಂಡ ತೆರಬೇಕಾಗುತ್ತದೆ. ಆದರೆ ಲಾರಿಯ ಕಾಂಕ್ರೀಟ್ ಮೇಲೇರಿ ಬೀಳುವ ಕಟ್ಟಡಕ್ಕಾಗಲಿ, ಅದರ ಅಡಿಯಲ್ಲಿ ಸೆಂಟ್ರಿಂಗ್ ಹಲಗೆಗಳಿಗೆ ಆಸರೆ ಕೊಡುತ್ತಿರುವ ಹುಡುಗರಿಗಾಗಲಿ, ಪಕ್ಕದ ಕಾಂಪೌಂಡಿನೊಳಗೆ ಬಟ್ಟೆ ಒಣಹಾಕುತ್ತಿರುವವರಿಗಾಗಲಿ ಎಲ್ಲ ನಿವೇಶನಗಳಿಗೂ ಅನ್ವಯಿಸುವ ಅಂಥ ಕಡ್ಡಾಯ ವಿಮೆ ಯಾವುದೂ ಇಲ್ಲ. ಅಪಘಾತವಾದರೆ ಪರಿಹಾರ ಕೊಡಬೇಕು ಎಂದು ಕಾನೂನು ಹೇಳುತ್ತದೆ. ಆ ಪರಿಹಾರದ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಮಾತ್ರ ಬಹುಪಾಲು ಸಂದರ್ಭಗಳಲ್ಲಿ ಅದು ಉತ್ತರಿಸುವುದಿಲ್ಲ.

ಕರ್ನಾಟಕದಲ್ಲಿ ಕಟ್ಟಡ ಗುತ್ತಿಗೆದಾರನ ಸುತ್ತ ಇರುವ ನಿಯಮಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ಓದಿದವರಿಗೆ ಕಣ್ಣಿಗೆ ಬೀಳುವುದು ಇದೇ ಅಂತರ. ಹೊಣೆಯನ್ನು ಕಾನೂನು ಹೊರಿಸುತ್ತದೆ, ವಿಮೆಯನ್ನು ಒಪ್ಪಂದ ಕೇಳುತ್ತದೆ. ಸರ್ಕಾರಿ ಕಾಮಗಾರಿಯಲ್ಲಿ ಟೆಂಡರ್ ಎಂಬ ಒಪ್ಪಂದ ಇರುವುದರಿಂದ ವಿಮೆಯ ಷರತ್ತು ಕಾಗದದಲ್ಲಾದರೂ ಇರುತ್ತದೆ. ‘ಚದರಕ್ಕೆ ಇಷ್ಟು’ ಎಂದು ಬಾಯಿಮಾತಿನಲ್ಲಿ, ಹೆಚ್ಚೆಂದರೆ ಒಂದು ಛಾಪಾ ಕಾಗದದಲ್ಲಿ, ಮುಗಿಯುವ ಖಾಸಗಿ ಕೆಲಸದಲ್ಲಿ ಅದೂ ಇರುವುದಿಲ್ಲ.

ಮೊದಲು ಗುತ್ತಿಗೆದಾರ ಯಾರು ಎಂಬುದನ್ನು ನೋಡೋಣ. ಲೋಕೋಪಯೋಗಿ ಇಲಾಖೆ ತನ್ನ ಕಾಮಗಾರಿಗಳಿಗಾಗಿ ಗುತ್ತಿಗೆದಾರರನ್ನು ಒಂದನೇ ದರ್ಜೆಯಿಂದ ಕೆಳಗಿನ ದರ್ಜೆಗಳವರೆಗೆ ನೋಂದಾಯಿಸಿಕೊಳ್ಳುತ್ತದೆ. ದರ್ಜೆ ಏರಿದಂತೆ ಹಿಡಿಯಬಹುದಾದ ಕೆಲಸದ ಮೊತ್ತವೂ ಏರುತ್ತದೆ. ಟೆಂಡರ್ ಪ್ರಕ್ರಿಯೆಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯಿಸುತ್ತದೆ. ಗುತ್ತಿಗೆದಾರರ ಬಾಯಲ್ಲಿ ಅದು ‘ಕೆಟಿಪಿಪಿ’. ಈ ನೋಂದಣಿ ಸರ್ಕಾರಿ ಕೆಲಸಕ್ಕೆ ಮಾತ್ರ ಬೇಕು. ಖಾಸಗಿ ಮನೆ, ಅಂಗಡಿ ಮಳಿಗೆ ಅಥವಾ ಪಿಜಿ ಕಟ್ಟಡವನ್ನು ಕಟ್ಟಿಕೊಡುವವನಿಗೆ ರಾಜ್ಯದ ಯಾವ ಪರವಾನಗಿಯೂ ಬೇಕಿಲ್ಲ. ವಿಚಿತ್ರವೆಂದರೆ, ಅದೇ ಮನೆಗೆ ವೈರಿಂಗ್ ಮಾಡಲು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಪಡೆದ ಗುತ್ತಿಗೆದಾರನೇ ಬೇಕು. ಸ್ವಿಚ್ ಬೋರ್ಡಿಗೆ ಇರುವ ಕಟ್ಟುನಿಟ್ಟು ಆ ಬೋರ್ಡನ್ನು ಹೊತ್ತು ನಿಲ್ಲುವ ಪಿಲ್ಲರಿಗೆ ಇಲ್ಲ. ಪಿಲ್ಲರಿನ ನಕ್ಷೆಗೆ ಎಂಜಿನಿಯರ್ ಸಹಿ ಹಾಕಿರುತ್ತಾರೆ, ನಿಜ. ಆದರೆ ನಕ್ಷೆಯಲ್ಲಿರುವ ಕಬ್ಬಿಣ ಕಂಬದೊಳಗೂ ಇದೆಯೇ ಎಂಬುದು ಮೇಸ್ತ್ರಿಗೆ ಬಿಟ್ಟ ವಿಷಯ.

ಇನ್ನು ಸೆಸ್. ಕಟ್ಟಡ ಕಟ್ಟಿಸುವವರಲ್ಲೂ ಕಟ್ಟುವವರಲ್ಲೂ ಗಟ್ಟಿಯಾಗಿ ಬೇರೂರಿರುವ ಒಂದು ನಂಬಿಕೆ ಇದೆ: ಶೇ 1ರಷ್ಟು ಕಾರ್ಮಿಕ ಸೆಸ್ ಕಟ್ಟಿದ್ದೇವೆ, ಆದ್ದರಿಂದ ಕೂಲಿಕಾರರಿಗೆ ಏನಾದರೂ ಆದರೆ ಸರ್ಕಾರ ನೋಡಿಕೊಳ್ಳುತ್ತದೆ. ಇದು ತಪ್ಪು ತಿಳಿವಳಿಕೆ. ಬಹಳ ದುಬಾರಿಯ ತಪ್ಪು ತಿಳಿವಳಿಕೆ. 1996ರಲ್ಲಿ ಬಂದ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ ಮತ್ತು ಅದರ ಜೊತೆಗಿನ ಸೆಸ್ ಕಾಯ್ದೆ, ನಿರ್ಮಾಣ ವೆಚ್ಚದ ಮೇಲೆ ಶೇ 1ರಿಂದ 2ರವರೆಗೆ ಸುಂಕ ಹಾಕಲು ಅವಕಾಶ ಕೊಟ್ಟವು. ಶೇ 1 ಎಂದು ನಿಗದಿಯಾಯಿತು. ಸರ್ಕಾರಿ ಕಾಮಗಾರಿಯಲ್ಲಿ ಅದನ್ನು ಬಿಲ್ಲಿನಲ್ಲೇ ಮುರಿದುಕೊಳ್ಳುತ್ತಾರೆ. ಖಾಸಗಿ ಕಟ್ಟಡದಲ್ಲಿ ನಕ್ಷೆ ಮಂಜೂರಾತಿಯ ಹೊತ್ತಿಗೆ ಸ್ಥಳೀಯ ಸಂಸ್ಥೆ ವಸೂಲು ಮಾಡುತ್ತದೆ. ಹಣ ಹೋಗುವುದು ಕಾರ್ಮಿಕರ ಕಲ್ಯಾಣ ಮಂಡಳಿಗೆ. ಅಲ್ಲಿಂದ ನೆರವು ಸಿಗುವುದು ಮಂಡಳಿಯಲ್ಲಿ ನೋಂದಾಯಿತರಾದ ಫಲಾನುಭವಿಗಳಿಗೆ: 18ರಿಂದ 60ರೊಳಗಿನ ವಯಸ್ಸಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿರಬೇಕು, ಕೈಯಲ್ಲಿ ‘ಲೇಬರ್ ಕಾರ್ಡ್’ ಇರಬೇಕು. ನಿಮ್ಮ ನಿವೇಶನದಲ್ಲಿ ಬಿದ್ದ ಯುವಕ ಹದಿನೈದು ದಿನದ ಹಿಂದಷ್ಟೇ ಬಿಹಾರದಿಂದಲೋ ರಾಯಚೂರಿನಿಂದಲೋ ಬಂದವನಾಗಿದ್ದು, ಕಾರ್ಡ್ ಇಲ್ಲದವನಾಗಿದ್ದರೆ, ನೀವು ಕಟ್ಟಿದ ಸೆಸ್ಸಿಗೂ ಅವನಿಗೂ ಸಂಬಂಧವಿಲ್ಲ. ಕಾರ್ಡ್ ಇದ್ದು ಮಂಡಳಿಯಿಂದ ನೆರವು ಬಂದರೂ ಮಾಲೀಕನ, ಅಂದರೆ ಅವನನ್ನು ಕೆಲಸಕ್ಕೆ ಇಟ್ಟುಕೊಂಡವನ, ಪರಿಹಾರದ ಹೊಣೆ ಅದರಿಂದ ತೀರುವುದಿಲ್ಲ. ಸೆಸ್ ಒಂದು ತೆರಿಗೆಯಂಥದ್ದು. ಅದು ನಿಮ್ಮ ಹೆಸರಿನ ಪಾಲಿಸಿಯ ಕಂತು ಅಲ್ಲ.

ಪರಿಹಾರದ ಹೊಣೆ ಬರುವುದು ಬೇರೆ ಕಡೆಯಿಂದ. 1923ರ ಪರಿಹಾರ ಕಾಯ್ದೆ ಶತಮಾನದಷ್ಟು ಕಾಲ ಈ ಕೆಲಸ ಮಾಡಿತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಅದರ ಸಾರ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಏಳನೇ ಅಧ್ಯಾಯಕ್ಕೆ ಸೇರಿಕೊಂಡಿತು. ತತ್ವ ಬದಲಾಗಿಲ್ಲ. ಕೆಲಸದ ಕಾರಣದಿಂದ, ಕೆಲಸದ ಸಮಯದಲ್ಲಿ ಗಾಯವೋ ಸಾವೋ ಸಂಭವಿಸಿದರೆ ಮಾಲೀಕನ ತಪ್ಪು ಇತ್ತೇ ಇಲ್ಲವೇ ಎಂದು ನೋಡದೆ ಪರಿಹಾರ ಕೊಡಬೇಕು. ಸಾವಿಗೆ ತಿಂಗಳ ಕೂಲಿಯ ಅರ್ಧವನ್ನು, ಸಂಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಕೂಲಿಯ ಶೇ 60ನ್ನು, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಮನೆಯಿಂದ ಕೆಲಸಕ್ಕೆ ಬರುವಾಗ, ಕೆಲಸ ಮುಗಿಸಿ ಹೋಗುವಾಗ ಆದ ಅಪಘಾತವನ್ನೂ, ಕೆಲಸದೊಂದಿಗೆ ಅದರ ನಂಟು ಸಾಬೀತಾದರೆ, ಸಂಹಿತೆ ಈಗ ಈ ವ್ಯಾಪ್ತಿಗೆ ತಂದಿದೆ. ಟೆಂಪೊದ ಹಿಂಭಾಗದಲ್ಲಿ ನಿಂತು ನಿವೇಶನಕ್ಕೆ ಬರುವ ಗಾರೆ ಕೆಲಸದವರ ಮಟ್ಟಿಗೆ ಇದು ಸಣ್ಣ ಬದಲಾವಣೆಯೇನಲ್ಲ.

ಲೆಕ್ಕವನ್ನು ಒಮ್ಮೆ ಮಾಡಿಯೇ ನೋಡಬೇಕು. ಮೂವತ್ತು ವರ್ಷದ ಒಬ್ಬ ಗಾರೆಯವ ಮೂರನೇ ಮಹಡಿಯ ಸಾರುವೆಯಿಂದ ಬಿದ್ದು ತೀರಿಕೊಂಡ ಎನ್ನೋಣ. ದಿನಕ್ಕೆ ಅವನ ಕೂಲಿ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಗೆ ಮಿತಿ ಇದೆ. 2020ರ ಜನವರಿಯಲ್ಲಿ ಅದನ್ನು 15,000 ರೂಪಾಯಿಗೆ ಏರಿಸಲಾಯಿತು. ಆ ಮಿತಿಯನ್ನೇ ಹಿಡಿದರೆ ಅರ್ಧ 7,500. ಮೂವತ್ತನೇ ವಯಸ್ಸಿನ ಗುಣಕ 207.98. ಗುಣಿಸಿದರೆ 15,59,850 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12ರ ಬಡ್ಡಿ, ಅಂದರೆ ಪ್ರತಿ ವರ್ಷ 1,87,182 ರೂಪಾಯಿ, ಸೇರುತ್ತಾ ಹೋಗುತ್ತದೆ. ತಡಮಾಡಿದ್ದಕ್ಕೆ ಸಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದವರೆಗೂ ದಂಡ ಬೀಳಬಹುದು. ಇಲ್ಲಿ ಗುತ್ತಿಗೆದಾರರು ಗಮನಿಸದ ಒಂದು ಸೂಕ್ಷ್ಮ ಇದೆ. ವಿಮಾ ಕಂಪನಿ ಪರಿಹಾರವನ್ನೂ ಬಡ್ಡಿಯನ್ನೂ ಕೊಡಬೇಕಾಗಬಹುದು, ಆದರೆ ದಂಡ ಮಾಲೀಕನ ಜೇಬಿನಿಂದಲೇ ಹೋಗಬೇಕು ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ವೇದಪ್ರಕಾಶ್ ಗರ್ಗ್ ಪ್ರಕರಣದಲ್ಲಿ ಹೇಳಿದೆ. ಪಾಲಿಸಿ ಇದೆ, ಕೋರ್ಟಿನಲ್ಲಿ ಎಳೆದಾಡಲಿ ಬಿಡಿ ಎಂದು ಕೈಕಟ್ಟಿ ಕೂರುವಂತಿಲ್ಲ.

ಈ ಮೊತ್ತಕ್ಕೆ ರಕ್ಷಣೆ ಕೊಡುವುದು ನೌಕರರ ಪರಿಹಾರ ಪಾಲಿಸಿ. ಹಳಬರು ಈಗಲೂ ಅದನ್ನು ‘ವರ್ಕ್‌ಮೆನ್ ಪಾಲಿಸಿ’ ಎಂದೇ ಕರೆಯುತ್ತಾರೆ. ಅದರ ಕಂತು ನಿಂತಿರುವುದು ಎರಡು ಸಂಖ್ಯೆಗಳ ಮೇಲೆ: ಎಷ್ಟು ಜನ, ಒಟ್ಟು ಎಷ್ಟು ಕೂಲಿ. ಮೋಸ ನುಸುಳುವುದೂ ಅಲ್ಲೇ. ಬಿಲ್ ಪಾಸಾಗಲು ಒಂದು ಪಾಲಿಸಿಯ ಪ್ರತಿ ಬೇಕು ಎಂಬಷ್ಟಕ್ಕೇ ಅದನ್ನು ಮಾಡಿಸುವವರು ‘ಆರು ಜನ, ತಿಂಗಳಿಗೆ 8,000’ ಎಂದು ಬರೆಸುತ್ತಾರೆ. ತಾರಸಿ ಹಾಕುವ ದಿನ ಅದೇ ನಿವೇಶನದಲ್ಲಿ ಇಪ್ಪತ್ತೈದು ಜನ ಇರುತ್ತಾರೆ. ಅಂದು ಅಪಘಾತವಾದರೆ ವಿಮಾ ಕಂಪನಿಯ ವಕೀಲರು ಮೊದಲು ಕೇಳುವುದು ಹಾಜರಿ ಪುಸ್ತಕವನ್ನು. ಸತ್ತವನು ಆ ಆರು ಜನರಲ್ಲಿ ಒಬ್ಬನೇ ಎಂಬುದು ಮುಂದಿನ ಪ್ರಶ್ನೆ. ಒಬ್ಬನೇ ಎಂದು ಒಪ್ಪಿದರೂ, ಘೋಷಿಸಿದ ಕೂಲಿಗಷ್ಟೇ ತಮ್ಮ ಹೊಣೆ ಎಂದು ವಾದಿಸುತ್ತಾರೆ. 8,000ದ ಲೆಕ್ಕದಲ್ಲಿ ಅದು 8,31,920 ರೂಪಾಯಿ. ಉಳಿದ 7,27,930 ರೂಪಾಯಿ ಗುತ್ತಿಗೆದಾರನ ತಲೆಗೆ. ಕಂತಿನಲ್ಲಿ ಉಳಿಸಿದ ಕೆಲವು ಸಾವಿರ ರೂಪಾಯಿಯ ಬೆಲೆ ಅದು. ತುಂಡು ಗುತ್ತಿಗೆ ಹಿಡಿದ ಸೆಂಟ್ರಿಂಗ್‌ನವರು, ಬಾರ್ ಬೆಂಡಿಂಗ್‌ನವರು, ಟೈಲ್ಸ್‌ನವರು ಕರೆತಂದ ಆಳುಗಳು ಮುಖ್ಯ ಗುತ್ತಿಗೆದಾರನ ಪಾಲಿಸಿಯೊಳಗೆ ತಾವಾಗಿಯೇ ಸೇರುವುದಿಲ್ಲ. ಉಪಗುತ್ತಿಗೆಯವರ ಕಾರ್ಮಿಕರೂ ಸೇರಿದ್ದಾರೆ ಎಂದು ಪಾಲಿಸಿಯಲ್ಲಿ ಬರೆಸಬೇಕು.

ಉಪಗುತ್ತಿಗೆಯ ಮಾತು ಬಂದಾಗ ಮೂಲ ಮಾಲೀಕನ ಹೊಣೆಯನ್ನೂ ನೋಡಬೇಕು. ಹಳೆಯ ಕಾಯ್ದೆಯ 12ನೇ ಸೆಕ್ಷನ್ ಹೀಗೆ ಹೇಳುತ್ತಿತ್ತು: ತನ್ನ ವ್ಯಾಪಾರ ಅಥವಾ ವೃತ್ತಿಗಾಗಿ ಕೆಲಸವನ್ನು ಗುತ್ತಿಗೆಗೆ ಕೊಟ್ಟವನು, ಗುತ್ತಿಗೆದಾರನ ಕಾರ್ಮಿಕನಿಗೂ ತಾನೇ ಪರಿಹಾರ ಕೊಟ್ಟು, ನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಸಂಹಿತೆಯಲ್ಲೂ ಇದೇ ವ್ಯವಸ್ಥೆ ಮುಂದುವರಿದಿದೆ. ಅಪಾರ್ಟ್‌ಮೆಂಟ್ ಕಟ್ಟಿ ಮಾರುವ ಬಿಲ್ಡರ್ ಈ ಬಲೆಯಿಂದ ತಪ್ಪಿಸಿಕೊಳ್ಳಲಾರ. ‘ಲೇಬರ್ ಕಾಂಟ್ರ್ಯಾಕ್ಟ್ ಕೊಟ್ಟಿದ್ದೆ, ಅವನನ್ನೇ ಕೇಳಿ’ ಎಂಬ ಉತ್ತರ ನಿಲ್ಲುವುದಿಲ್ಲ. ಆದರೆ ಸ್ವಂತ ವಾಸಕ್ಕೆ ಮನೆ ಕಟ್ಟಿಸುವ ನಿವೃತ್ತ ಶಿಕ್ಷಕರ ವಿಚಾರ ಬೇರೆ. ಮನೆ ಕಟ್ಟಿಸುವುದು ಅವರ ವ್ಯಾಪಾರವಲ್ಲ, ಆದ್ದರಿಂದ ಈ ಸೆಕ್ಷನ್ನಿನ ಕೈ ಅವರವರೆಗೆ ಚಾಚುವುದು ಕಷ್ಟ. ಹೊಣೆ ಮೇಸ್ತ್ರಿಯ ಮೇಲೆ ನಿಲ್ಲುತ್ತದೆ. ಆ ಮೇಸ್ತ್ರಿ ಮೊನ್ನೆಯವರೆಗೆ ತಾನೇ ಕರಣಿ ಹಿಡಿದು ಕೆಲಸ ಮಾಡುತ್ತಿದ್ದವನು. ಹದಿನೈದು ಲಕ್ಷದ ಆದೇಶ ಬಂದರೆ ಅವನಲ್ಲಿ ಜಪ್ತಿ ಮಾಡಲು ಒಂದು ಬೈಕ್, ಒಂದಿಷ್ಟು ಸೆಂಟ್ರಿಂಗ್ ಶೀಟ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಮನೆ ಕಟ್ಟಿಸುವವರೇ ದಿನಗೂಲಿಗೆ ಆಳುಗಳನ್ನು ಕರೆದು ಕೆಲಸ ಮಾಡಿಸಿದ್ದರೆ ಚಿತ್ರ ಮತ್ತೆ ತಲೆಕೆಳಗಾಗುತ್ತದೆ: ಆಗ ಮೇಷ್ಟ್ರೇ ಉದ್ಯೋಗದಾತರು. ಗುತ್ತಿಗೆಯ ಕರಾರನ್ನು ಬರಹದಲ್ಲಿ ಇಟ್ಟುಕೊಳ್ಳದವರು ತಾವು ಯಾವ ಸಾಲಿಗೆ ಸೇರುತ್ತೇವೆಂದು ತಿಳಿಯುವುದು ಪರಿಹಾರ ಆಯುಕ್ತರ ಮುಂದೆ ನಿಂತಾಗಲೇ.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ, ವಿಚಾರವನ್ನು ಹೇಳದೆ ಬಿಡುವಂತಿಲ್ಲ, ಏಕೆಂದರೆ ನನ್ನ ಅಭಿಪ್ರಾಯದಲ್ಲಿ ಇರುವುದರಲ್ಲಿ ಒಳ್ಳೆಯ ರಕ್ಷಣೆ ಅದೇ, ಬಳಕೆಯಲ್ಲಿ ಹಿಂದೆ ಬಿದ್ದಿರುವುದೂ ಅದೇ. ನಿರ್ಮಾಣ ಸ್ಥಳದ ಕಾರ್ಮಿಕರಿಗೆ 2015ರ ಆಗಸ್ಟ್ 1ರಿಂದ ಅದು ವಿಸ್ತರಿಸಿದೆ. ತಿಂಗಳಿಗೆ 21,000 ರೂಪಾಯಿವರೆಗಿನ ಕೂಲಿಯವರು ಇದರೊಳಗೆ ಬರುತ್ತಾರೆ. ವಂತಿಗೆ ಮಾಲೀಕನದು ಶೇ 3.25, ಕಾರ್ಮಿಕನದು ಶೇ 0.75. ಕೆಲಸದ ಅಪಘಾತದಲ್ಲಿ ಕಾರ್ಮಿಕ ಸತ್ತರೆ ಅವಲಂಬಿತರಿಗೆ ದಿನಗೂಲಿಯ ಸರಾಸರಿಯ ಶೇ 90ರಷ್ಟು ಪಿಂಚಣಿಯಾಗಿ ಬರುತ್ತದೆ, ಅದೂ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಅನ್ವಯವಾಗುತ್ತದೆ. ಇಎಸ್‌ಐ ಅಡಿ ಬಂದ ಕಾರ್ಮಿಕನ ವಿಚಾರದಲ್ಲಿ ಮಾಲೀಕನ ಮೇಲೆ ಪರಿಹಾರದ ದಾವೆ ಹೂಡಲು ಬರುವುದಿಲ್ಲ. ಇಷ್ಟೆಲ್ಲ ಲಾಭವಿದ್ದರೂ ನೋಂದಣಿ ಮಾಡಿಸಿದರೆ ಹಾಜರಿ, ಕೂಲಿ, ಪಿಎಫ್ ಎಲ್ಲವೂ ದಾಖಲೆಗೆ ಬರುತ್ತವೆ ಎಂಬ ಭಯದಿಂದ ಸಣ್ಣ ಗುತ್ತಿಗೆದಾರರು ಅದರ ಹತ್ತಿರ ಸುಳಿಯುವುದಿಲ್ಲ.

ಸರ್ಕಾರಿ ಕಾಮಗಾರಿಗಳಿಗೆ ಬಂದರೆ, ದೊಡ್ಡ ಮೊತ್ತದ ಕೆಲಸಗಳಿಗೆ ರಾಜ್ಯ ಬಳಸುವ ‘ಕೆಡಬ್ಲ್ಯು’ ಮಾದರಿ ಟೆಂಡರ್ ದಾಖಲೆಗಳಲ್ಲಿ ವಿಮೆಯ ಷರತ್ತು ಸ್ಪಷ್ಟವಾಗಿದೆ. ಕೆಲಸ ಆರಂಭವಾದ ದಿನದಿಂದ ದೋಷ ಹೊಣೆ ಅವಧಿ (ಕೆಲಸ ಮುಗಿದ ಮೇಲೂ ದೋಷಗಳನ್ನು ಗುತ್ತಿಗೆದಾರನೇ ಸರಿಪಡಿಸಬೇಕಾದ ಕಾಲ) ಮುಗಿಯುವವರೆಗೆ, ಇಲಾಖೆ ಮತ್ತು ಗುತ್ತಿಗೆದಾರ ಇಬ್ಬರ ಜಂಟಿ ಹೆಸರಿನಲ್ಲಿ, ಕಾಮಗಾರಿ, ಸಾಮಗ್ರಿ, ಯಂತ್ರೋಪಕರಣ, ಇತರರ ಆಸ್ತಿ, ಜೀವಹಾನಿ ಇವಕ್ಕೆಲ್ಲ ವಿಮೆ ಇರಬೇಕು. ಗುತ್ತಿಗೆದಾರ ಮಾಡಿಸದಿದ್ದರೆ ಇಲಾಖೆಯೇ ಮಾಡಿಸಿ ಕಂತನ್ನು ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. ಷರತ್ತು ಚೆನ್ನಾಗಿದೆ, ಬಿರುಕು ಇರುವುದು ಕಾಲದ ಲೆಕ್ಕದಲ್ಲಿ. ಹನ್ನೆರಡು ತಿಂಗಳ ಕೆಲಸಕ್ಕೆ ಹನ್ನೆರಡು ತಿಂಗಳ ಪಾಲಿಸಿ ಕೊಳ್ಳುತ್ತಾರೆ. ಭೂಸ್ವಾಧೀನ ತಡವಾಗುತ್ತದೆ, ಮಳೆ ಹಿಡಿಯುತ್ತದೆ, ಬಿಲ್ ಬಾಕಿ ಉಳಿಯುತ್ತದೆ, ಕೆಲಸ ಎರಡು ವರ್ಷಕ್ಕೆ ಎಳೆಯುತ್ತದೆ. ಅವಧಿ ವಿಸ್ತರಣೆಯ ಆದೇಶ ಹೊರಡುತ್ತದೆ, ಪಾಲಿಸಿಯ ವಿಸ್ತರಣೆ ಯಾರ ನೆನಪಿಗೂ ಬರುವುದಿಲ್ಲ. ಬಾಕಿ ಬಿಲ್ಲಿನ ಬಗ್ಗೆ ರಾಜ್ಯದ ಗುತ್ತಿಗೆದಾರರ ಸಂಘಟನೆ ವರ್ಷಗಳಿಂದ ದೂರುತ್ತಿದೆ. ಕೈಯಲ್ಲಿ ಕಾಸಿಲ್ಲದವನು ಮೊದಲು ಮುಂದೂಡುವ ಖರ್ಚು ವಿಮೆಯ ಕಂತೇ ಎಂಬುದು ಅರ್ಥವಾಗದ ಸಂಗತಿಯಲ್ಲ.

ಕಾಮಗಾರಿಗೆ ರಕ್ಷಣೆ ಕೊಡುವ ಪಾಲಿಸಿಗೆ ‘ಕಾಂಟ್ರ್ಯಾಕ್ಟರ್ಸ್ ಆಲ್ ರಿಸ್ಕ್’ ಎಂಬ ಹೆಸರಿದೆ. ಎಲ್ಲ ಅಪಾಯವೂ ಅದರೊಳಗಿದೆ ಎಂದು ಹೆಸರು ಹೇಳಿದರೂ ಹೊರಗಿಟ್ಟ ಸಂಗತಿಗಳ ಪಟ್ಟಿ ಉದ್ದವಾಗಿದೆ. ವಿನ್ಯಾಸದ ದೋಷದಿಂದಾದ ನಷ್ಟಕ್ಕೆ ಮೂಲ ಪಾಲಿಸಿಯಲ್ಲಿ ರಕ್ಷಣೆ ಇಲ್ಲ. ವಿಳಂಬದ ದಂಡ ಅದರೊಳಗೆ ಬರುವುದಿಲ್ಲ. ಎರಡು ಕೋಟಿಯ ಕೆಲಸವನ್ನು ಒಂದು ಕೋಟಿಗೆ ವಿಮೆ ಮಾಡಿಸಿದ್ದರೆ ಇಪ್ಪತ್ತು ಲಕ್ಷದ ನಷ್ಟಕ್ಕೆ ಹತ್ತು ಲಕ್ಷದಷ್ಟೇ ಲೆಕ್ಕಕ್ಕೆ ಬರುತ್ತದೆ, ಅದರಲ್ಲೂ ವಿಮೆ ಮಾಡಿಸಿದವನೇ ಹೊರಬೇಕಾದ ಸ್ವಂತ ಪಾಲು ಕಳೆಯಬೇಕು. ಬೆಂಗಳೂರಿಗೆ ಹೆಚ್ಚು ಸಂಬಂಧಿಸಿದ್ದು ಇನ್ನೊಂದು: ಬೇಸ್‌ಮೆಂಟಿಗಾಗಿ ಪಾಯ ಅಗೆದಾಗ ಪಕ್ಕದ ಹಳೆಯ ಮನೆಯ ಗೋಡೆ ಬಿರುಕು ಬಿಡುವುದು. ನೆಲದ ಆಸರೆ ಸಡಿಲವಾಗಿ ಪಕ್ಕದ ಆಸ್ತಿಗೆ ಆಗುವ ಹಾನಿಗೆ ಪ್ರತ್ಯೇಕವಾಗಿ ಹಣ ಕಟ್ಟಿ ರಕ್ಷಣೆ ಸೇರಿಸಿಕೊಳ್ಳಬೇಕು, ಕೆಲಸಕ್ಕೆ ಮುಂಚೆ ಆ ಮನೆಯ ಸ್ಥಿತಿ ಹೇಗಿತ್ತು ಎಂಬುದರ ದಾಖಲೆ ಇರಬೇಕು. ಅಗೆಯುವ ಮುನ್ನ ಪಕ್ಕದ ಮನೆಯ ಗೋಡೆಗಳ ಫೋಟೊ ತೆಗೆದಿಟ್ಟುಕೊಳ್ಳುವ ಗುತ್ತಿಗೆದಾರರು ಎಷ್ಟು ಮಂದಿ?

ದಾರಿಹೋಕರ ವಿಚಾರ ಇನ್ನೂ ತೆಳು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬಕ್ಕಾಗಿ ಕಟ್ಟಿದ್ದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿ, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗು ತೀರಿಕೊಂಡರು. ಅವರು ಕಾರ್ಮಿಕರಲ್ಲ, ಸೆಸ್, ಇಎಸ್‌ಐ, ಪರಿಹಾರ ಕಾಯ್ದೆ ಯಾವುದೂ ಅವರಿಗೆ ಅನ್ವಯಿಸುವುದಿಲ್ಲ. ಅದು ದೊಡ್ಡ ಸಾರ್ವಜನಿಕ ಯೋಜನೆಯಾಗಿದ್ದರಿಂದ ಪರಿಹಾರ ಘೋಷಣೆಯಾಯಿತು. ಅದೇ ಅವಘಡ ಒಂದು ಖಾಸಗಿ ಕಟ್ಟಡದ ಮುಂದೆ ನಡೆದಿದ್ದರೆ ಆ ಕುಟುಂಬಕ್ಕೆ ಉಳಿಯುತ್ತಿದ್ದುದು ಸಿವಿಲ್ ದಾವೆಯ ದಾರಿ ಮಾತ್ರ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಕಡ್ಡಾಯ ವಿಮೆಯನ್ನು ಹೇಳುತ್ತದೆಯಾದರೂ ಅದು ಅಪಾಯಕಾರಿ ರಾಸಾಯನಿಕಗಳನ್ನು ನಿರ್ವಹಿಸುವವರಿಗೆ. ಭೋಪಾಲದ ನೆನಪಿನಲ್ಲಿ ಹುಟ್ಟಿದ ಆ ಕಾಯ್ದೆಗೆ ಸಾರುವೆ, ಕ್ರೇನು, ಗುಂಡಿಗಳು ಕಾಣುವುದಿಲ್ಲ.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಈ ಖಾಲಿ ಜಾಗವನ್ನು ತುಂಬುತ್ತದೆ ಎಂದು ಹಲವರು ಭಾವಿಸಿದ್ದಾರೆ. ಭಾಗಶಃ ಮಾತ್ರ. 500 ಚದರ ಮೀಟರ್ ಅಥವಾ ಎಂಟು ಫ್ಲ್ಯಾಟ್ ಮೀರಿದ ಯೋಜನೆಗಳಿಗೆ ಅದು ಅನ್ವಯಿಸುತ್ತದೆ. ನೋಂದಣಿಯ ಅರ್ಜಿಯಲ್ಲಿ ಗುತ್ತಿಗೆದಾರನ ಹೆಸರು, ವಿಳಾಸ ಕೊಡಬೇಕು, ಆದರೆ ಹೊಣೆ ಪ್ರವರ್ತಕನದೇ, ಅಂದರೆ ಕಟ್ಟಿ ಮಾರುವ ಬಿಲ್ಡರನದೇ. ರಚನಾ ದೋಷ ಐದು ವರ್ಷದೊಳಗೆ ಕಂಡುಬಂದರೆ ಮೂವತ್ತು ದಿನದಲ್ಲಿ ಸರಿಪಡಿಸಿಕೊಡಬೇಕು. ವಿಮೆಯ ಮಾತು 16ನೇ ಸೆಕ್ಷನ್‌ನಲ್ಲಿದೆ: ಜಮೀನಿನ ಹಕ್ಕಿಗೂ ನಿರ್ಮಾಣಕ್ಕೂ ಪ್ರವರ್ತಕ ವಿಮೆ ಮಾಡಿಸಬೇಕು, ಆದರೆ ‘ಸರ್ಕಾರ ಅಧಿಸೂಚಿಸಿದಂತೆ’. ಆ ಎರಡು ಪದಗಳ ಮೇಲೆ ಇಡೀ ಕಡ್ಡಾಯ ನಿಂತಿದೆ. ಐದು ವರ್ಷದ ದೋಷ ಹೊಣೆಯನ್ನು ಪ್ರವರ್ತಕ ತನ್ನ ಗುತ್ತಿಗೆದಾರನ ಕರಾರಿಗೆ ಹಾಗೆಯೇ ಇಳಿಸಿಬಿಡುವುದುಂಟು. ಒಂದು ವರ್ಷದ ಹೊಣೆಗೆ ದರ ಕೊಟ್ಟ ಗುತ್ತಿಗೆದಾರ ಸಹಿ ಹಾಕುವಾಗ ಆ ಪುಟವನ್ನು ಓದಿರುವುದಿಲ್ಲ.

ಹೊಸ ಸಂಹಿತೆಗಳು ಕೆಲವು ಗೆರೆಗಳನ್ನು ಮೇಲಕ್ಕೆ ಸರಿಸಿವೆ. ಗುತ್ತಿಗೆ ಕಾರ್ಮಿಕರ ಪರವಾನಗಿಗೆ ಮುಂಚೆ ಇಪ್ಪತ್ತು ಜನ ಸಾಕಿತ್ತು, ಈಗ ಐವತ್ತು. ಮೂವತ್ತು ಆಳುಗಳನ್ನು ಇಟ್ಟುಕೊಂಡು ನಾಲ್ಕು ನಿವೇಶನ ನಡೆಸುವ ಗುತ್ತಿಗೆದಾರ ಹೊರಗುಳಿಯುತ್ತಾನೆ. ಸ್ವಂತ ವಾಸದ ಮನೆಗೆ ಸೆಸ್ ವಿನಾಯಿತಿ ಹತ್ತು ಲಕ್ಷದಿಂದ ಐವತ್ತು ಲಕ್ಷ ರೂಪಾಯಿಯ ವೆಚ್ಚಕ್ಕೆ ಏರಿದೆ. ನಿರ್ಮಾಣ ಸ್ಥಳದಲ್ಲಿ ಸುರಕ್ಷತಾ ಸಮಿತಿ ಐನೂರರ ಬದಲು 250 ಕಾರ್ಮಿಕರಿದ್ದರೇ ಬೇಕು, ಅದು ಒಳ್ಳೆಯದು. ಆದರೆ ಸಾವುಗಳು ಹೆಚ್ಚಾಗಿ ಸಂಭವಿಸುವ ಸಣ್ಣ ನಿವೇಶನಗಳಿಗೆ ಅದು ತಲುಪುವುದಿಲ್ಲ. ಕರ್ತವ್ಯಲೋಪದಿಂದ ಸಾವಾದರೆ ಎರಡು ವರ್ಷದವರೆಗೆ ಜೈಲು ಅಥವಾ ಕನಿಷ್ಠ ಐದು ಲಕ್ಷ ರೂಪಾಯಿ ದಂಡ, ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಈ ದಂಡಕ್ಕೆ ಯಾವ ಪಾಲಿಸಿಯೂ ಇಲ್ಲ.

2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮಳೆಯ ನಡುವೆ ಇನ್ನೊಂದು ಕುಸಿಯಿತು. ಮಂಜೂರಾದದ್ದಕ್ಕಿಂತ ಹೆಚ್ಚು ಮಹಡಿ ಏರಿಸಿದ ಕಟ್ಟಡದಲ್ಲಿ ಹೀಗಾದರೆ, ಇದ್ದ ಪಾಲಿಸಿಯೂ ಕೈಕೊಡುವ ಸಂಭವ ದೊಡ್ಡದು: ಮುಖ್ಯ ಸಂಗತಿಯನ್ನು ಮುಚ್ಚಿಟ್ಟದ್ದಕ್ಕೆ ಕಾಮಗಾರಿ ವಿಮೆಯ ಕ್ಲೇಮ್ ತಿರಸ್ಕೃತವಾಗಬಹುದು. ಕಾರ್ಮಿಕರ ಪರಿಹಾರದ ಹೊಣೆ ಮಾತ್ರ ಹಾಗೆಯೇ ಉಳಿಯುತ್ತದೆ. ಕಟ್ಟಡ ಅಕ್ರಮವಾಗಿತ್ತು ಎಂಬುದು ಸತ್ತವನ ಹೆಂಡತಿಗೆ ಹೇಳಬಹುದಾದ ಉತ್ತರವಲ್ಲ, ಕಾನೂನಿಗೂ ಅಲ್ಲ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ ಎನ್ನುವುದು ನನ್ನ ನಿಲುವು. ನಕ್ಷೆ ಮಂಜೂರು ಮಾಡುವ ಕೌಂಟರ್ ಈಗಾಗಲೇ ಸೆಸ್ ರಸೀದಿ ನೋಡುತ್ತದೆ. ಅದೇ ಕೌಂಟರ್ ಕೆಲಸ ಆರಂಭಿಸಲು ಒಪ್ಪಿಗೆ ಕೊಡುವ ಮುನ್ನ ನೌಕರರ ಪರಿಹಾರ ಪಾಲಿಸಿಯ ಅಥವಾ ಇಎಸ್‌ಐನ ಸಂಖ್ಯೆಯನ್ನೂ, ಮೂರನೆಯವರ ಹಾನಿಗೆ ಒಂದು ಕನಿಷ್ಠ ಮೊತ್ತದ ರಕ್ಷಣೆಯನ್ನೂ ಕೇಳಬಹುದು. ಜನರ ಸಂಖ್ಯೆಯನ್ನು ಗುತ್ತಿಗೆದಾರನ ಬಾಯಿಂದ ಕೇಳುವ ಬದಲು ಕಟ್ಟಡದ ವಿಸ್ತೀರ್ಣದಿಂದ ಅಂದಾಜು ಮಾಡಬಹುದು. ಹಾಗೆ ಅಂದಾಜು ಮಾಡಿದರೆ ತಾರಸಿ ಹಾಕುವ ದಿನದ ಆ ಇಪ್ಪತ್ತೈದು ಜನರಲ್ಲಿ ಹತ್ತೊಂಬತ್ತು ಮಂದಿ ಲೆಕ್ಕದಿಂದ ಬಿಟ್ಟುಹೋಗುವುದಿಲ್ಲ.